ಷಡ್ಡಕ ತಂದ ಡಿಸ್ಕುಗಳು

ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ದಬ್ ಎಂದಿತು. ಇನ್ನೊಮ್ಮೆ ಜೋರಾಗಿ ತಟ್ಟಿದ. ಮತ್ತೆ ಅದೇ ಸತ್ತ ಸದ್ದು. ಸೋಫಾ ರಿಪೇರಿಯವನಿಗೆ ಬೇಸರವಾಗಬೇಕಿತ್ತು, ಆದರೆ ಒಳಗೊಳಗೇ ಖುಷಿಯಾಯಿತು. ಗಾಡಿ ಚಕ್ರದ ಗಟ್ಟಿ ಡಿಸ್ಕು ಗಂಟೆಯಂತೆ ಮೊಳಗಬೇಕು, ಬಿರುಕು ಬಿಟ್ಟದ್ದು ದಬ್ ಎನ್ನುತ್ತದೆ ಎಂದು ಪಂಕ್ಚರ್ ಅಂಗಡಿಯವನು ಹೇಳಿದ್ದ. ತಾನು ಅಂದುಕೊಂಡದ್ದೇ ಆಯಿತಲ್ಲ!

ಅವನ ಹಳೇ ಪಿಕಪ್ಪಿನ ಡಿಸ್ಕುಗಳು ತುಕ್ಕು ಹಿಡಿದು, ಟೈರುಗಳಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. ಆ ಮಾದರಿಯ ಗಾಡಿ ತಯಾರಾಗುವುದೇ ನಿಂತುಹೋಗಿತ್ತು. ಗುಜರಿಗಳಲ್ಲಿ ಎಷ್ಟು ಅಲೆದರೂ ಅಳತೆಗೆ ಹೊಂದುವಂಥವು ಸಿಕ್ಕಿರಲಿಲ್ಲ. ಅಂಥದ್ದರಲ್ಲಿ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ನಾಲ್ಕು ಹಳೇ ಡಿಸ್ಕುಗಳನ್ನು ಹುಡುಕಿ, ತುಕ್ಕು ತೆಗೆದು, ಬಿಳಿ ಬಣ್ಣ ಹೊಡೆದು ಬಾಗಿಲಿಗೇ ತಂದಿಳಿಸಿದ್ದ.

"ಎಲ್ಲಿ ಸಿಕ್ತು ಅಣ್ಣ?" ಎಂದರೆ, "ಸಿಕ್ತು ಬಿಡಯ್ಯಾ, ಹಾಕ್ಕೊಂಡು ಓಡಿಸು" ಎಂದು ನಕ್ಕಿದ್ದ.

ಎಲ್ಲಿ ಎಂದು ಹೇಳದವನನ್ನು ನಂಬುವುದು ಹೇಗೆ? ಅದೂ ಷಡ್ಡಕನ ಕಸುಬೇ ಗಾಡಿಗಳಿಗೆ ಬಣ್ಣ ಹೊಡೆಯುವುದು. ಜಜ್ಜಿಹೋದ ಬಾಗಿಲಿಗೆ ಪುಟ್ಟಿ ತುಂಬಿ, ಉಜ್ಜಿ, ಸ್ಪ್ರೇ ಹಿಡಿದನೆಂದರೆ ಗುದ್ದಿದವನಿಗೂ ಗುರುತು ಸಿಗುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಬಿರುಕು ಬೀಳುವುದು ನಟ್ಟು ಕೂರುವ ತೂತುಗಳ ಸುತ್ತ. ಅಲ್ಲೇ ವೆಲ್ಡಿಂಗ್ ಮಾಡಿ ಮುಚ್ಚಿರಬೇಕು. ಸೋಫಾದವನು ಗ್ರೈಂಡರ್ ಹಚ್ಚಿದ. ಬಣ್ಣ ಹಾರಿ ಲೋಹ ಹೊಳೆಯಿತು. ವೆಲ್ಡಿಂಗಿನ ಸುಳಿವಿಲ್ಲ. ಇನ್ನಷ್ಟು ಒತ್ತಿದ. 'ಭಾರೀ ಆಸಾಮಿ, ಎಷ್ಟು ನಾಜೂಕಾಗಿ ಮುಚ್ಚಿದ್ದಾನೆ' ಎಂದು ಬೈಯುತ್ತ ಮುಂದಿನ ತೂತಿಗೆ ಹೋದ. ಒಂದು ಸುತ್ತು ಮುಗಿದರೂ ಏನೂ ಸಿಗಲಿಲ್ಲ.

ಡಿಸ್ಕನ್ನು ಎತ್ತಿ ನೆಲದ ಮೇಲೆ ನಿಲ್ಲಿಸಿ, ಸಿಟ್ಟಿನಿಂದ ಸುತ್ತಿಗೆಯಲ್ಲಿ ಒಂದು ಕೊಟ್ಟ.

ಠಣ್ಣ್!

ಅಂಗಡಿಯಿಡೀ ಮೊಳಗಿತು. ಅವನು ಇಷ್ಟು ಹೊತ್ತು ಡಿಸ್ಕು ಮಲಗಿದ್ದ ಜಾಗವನ್ನು ನೋಡಿದ. ದಪ್ಪನೆಯ ಫೋಮು. ರಿಪೇರಿಗೆ ಏನೇ ಬರಲಿ, ಬಣ್ಣ ಕೆಡದಿರಲೆಂದು ಮೊದಲು ಫೋಮಿನ ಮೇಲೆ ಮಲಗಿಸುವುದು ಅವನ ಕೈಗೆ ಅಂಟಿದ ಅಭ್ಯಾಸ. ಗಂಟೆಯನ್ನು ಹಾಸಿಗೆಯ ಮೇಲೆ ಮಲಗಿಸಿ ಬಾರಿಸಿದ್ದ. ಒಂದು ನಟ್ಟು ತಂದು ತೂತಿಗಿಟ್ಟು ನೋಡಿದ. ಗ್ರೈಂಡರಿಗೆ ಅಂಚು ಸವೆದುಹೋಗಿ ನಟ್ಟು ಲಟಪಟ ಅಲ್ಲಾಡಿತು. ಒಳ್ಳೆಯ ಡಿಸ್ಕು ಅವನ ಕೈಯಲ್ಲೇ ಗುಜರಿಯಾಗಿತ್ತು.

"ಇದೇನ್ರೀ ಹೀಗಾಗಿದೆ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಮೊದ್ಲೇ ಹಾಳಾಗಿತ್ತು," ಎಂದಿತು ಅವನ ಬಾಯಿ. "ಮೇಲೆ ಬಣ್ಣ ಹೊಡೆದಿದ್ರು."

ಅಷ್ಟು ಸಾಕಾಯಿತು. ಅವಳು ಆಗಲೇ ಅಕ್ಕನಿಗೆ ಫೋನ್ ಹಚ್ಚಿದಳು. "ನನ್ನ ಮಕ್ಕಳು ಕೂರೋ ಗಾಡಿ ಕಣೇ ಅದು! ಒಡೆದ ಡಿಸ್ಕು ಕೊಡೋಕೆ ಭಾವಂಗೆ ಮನಸ್ಸಾದ್ರೂ ಹೇಗೆ ಬಂತು?" ಅಕ್ಕನೇನು ಕಡಿಮೆಯೇ? ಮಾತಿಗೆ ಮಾತು ಬೆಳೆದು ಫೋನು ಕಟ್ಟಾಯಿತು. ಸೀನಿದ್ದನ್ನೂ ಕೆಮ್ಮಿದ್ದನ್ನೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಅಕ್ಕತಂಗಿಯರು. ಹೆಂಡತಿ ಅಡುಗೆಮನೆಯಲ್ಲಿ ಮೂಗು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ಅವನು ಅರ್ಧಕ್ಕೆ ನಿಂತಿದ್ದ ಸೋಫಾಕ್ಕೆ ಮೊಳೆ ಹೊಡೆಯತೊಡಗಿದ.

ಮರುದಿನ ಷಡ್ಡಕನೇ ಬಂದ. ಯಾರನ್ನೂ ಮಾತಾಡಿಸದೆ ಡಿಸ್ಕು ಎತ್ತಿಕೊಂಡು, ತೂತಿನ ಅಂಚಿನ ಸುತ್ತ ಹೆಬ್ಬೆರಳು ಆಡಿಸಿದ. ಗ್ರೈಂಡರಿನ ಗೀರಿನ ಮೇಲೆ ಬೆರಳು ನಿಂತಿತು. ತಲೆಯೆತ್ತಿ ಸೋಫಾದವನನ್ನು ಒಮ್ಮೆ ನೋಡಿದ.

"ಹೌದಮ್ಮಾ," ಎಂದ ಷಡ್ಡಕ, ನಾದಿನಿಯ ಕಡೆ ತಿರುಗಿ. "ನಾನೇ ಸರಿಯಾಗಿ ನೋಡ್ಲಿಲ್ಲ. ತಪ್ಪಾಯ್ತು."

ಯಾಕೆ ಹೀಗಂದ? ಏನಿದೆ ಇದರ ಹಿಂದೆ? ಮುಂದೆ ಯಾವತ್ತಾದರೂ ಇದನ್ನು ಹಿಡಿದು ಆಡಿಸುವ ಹಂಚಿಕೆಯೇ? ಸೋಫಾದವನು ಆ ಮುಖದಲ್ಲಿ ಕೊಂಕು ನಗೆ ಹುಡುಕಿದ. ವೆಲ್ಡಿಂಗ್ ಹುಡುಕಿದಷ್ಟೇ ಶ್ರದ್ಧೆಯಿಂದ ಹುಡುಕಿದ. ಮಾಡದ ತಪ್ಪಿಗೆ ನಾದಿನಿಯ ಎದುರು ತಲೆ ತಗ್ಗಿಸಿದ ಮುಜುಗರ ಬಿಟ್ಟು ಅಲ್ಲಿ ಏನೂ ಇರಲಿಲ್ಲ. ಸೋಫಾದವನಿಗೆ ನಾಚಿಕೆಯಾಯಿತು.

"ಉಳಿದ ಮೂರನ್ನೂ ತಗೊಂಡ್ಹೋಗಿ ಭಾವ," ಎಂದಳು ಹೆಂಡತಿ. "ಅಕ್ಕಂಗೂ ಹೇಳ್ಬಿಡಿ. ಇನ್ಮೇಲೆ ಅವಳ ಪಾಡಿಗೆ ಅವಳು, ನನ್ನ ಪಾಡಿಗೆ ನಾನು."

ಷಡ್ಡಕ ಮೂಲೆಯತ್ತ ಹೆಜ್ಜೆಯಿಟ್ಟ. ಅಷ್ಟರಲ್ಲಿ ಸೋಫಾದವನು ಹೋಗಿ, ಒಂದರ ಮೇಲೊಂದು ಪೇರಿಸಿಟ್ಟಿದ್ದ ಮೂರು ಡಿಸ್ಕುಗಳ ಮೇಲೆ ಕುಳಿತುಬಿಟ್ಟ.

"ಏಳ್ರೀ ಮೇಲೆ. ತಗೊಂಡ್ಹೋಗ್ಲಿ ಅವರು."

"ಇವು ಚೆನ್ನಾಗಿವೆ ಕಣೇ."

"ತಲೆ ಕೆಟ್ಟಿದ್ಯಾ ನಿಮ್ಗೆ? ಅದರ ಗತಿ ನೋಡಿದ್ಮೇಲೂ..."

"ಅದೂ ಚೆನ್ನಾಗೇ ಇತ್ತು."

ಹೆಂಡತಿ ಗಂಡನನ್ನು ನೋಡಿದಳು, ಆಮೇಲೆ ಭಾವನನ್ನು. ಷಡ್ಡಕ ಆ ಡಿಸ್ಕನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಎಲ್ಲಿ ಇಳಿಸಬೇಕೆಂದು ತೋಚದೆ ನಿಂತಿದ್ದ.