ಶೂಟಿಂಗಿಗೆ ಬಳಿದ ಸುಣ್ಣ

ಗೋಡೆ ಬೆಳ್ಳಗಾಗಿಬಿಟ್ಟಿತ್ತು. ಬೈಕಿನಿಂದ ಇಳಿದ ಮನೋಹರ ಹೆಲ್ಮೆಟ್ ತೆಗೆಯುವುದನ್ನೂ ಮರೆತು ಹಾಗೇ ನಿಂತ. ಹೋದ ವಾರ ಬಂದಾಗ ಇದೇ ಗೋಡೆಯ ಮಣ್ಣು ಹಕ್ಕಳೆ ಹಕ್ಕಳೆಯಾಗಿ ಎದ್ದಿತ್ತು, ಕಿಟಕಿಯ ಕೆಳಗೆ ಇಟ್ಟಿಗೆ ಬಾಯಿಬಿಟ್ಟುಕೊಂಡಿತ್ತು. ಈಗ ನೋಡಿದರೆ ಬಿರುಕುಗಳನ್ನೆಲ್ಲ ಮೆತ್ತಿ, ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಎಳೆದು, ಬಾಗಿಲಿಗೆ ಮಾವಿನ ಸೊಪ್ಪು ಬೇರೆ ಕಟ್ಟಿತ್ತು. ಅಂಗಳದಲ್ಲಿ ಇಷ್ಟಗಲ ರಂಗೋಲಿ. ಯಾರು ಕಂಡರೂ ಮದುವೆ ಮನೆ ಅನ್ನಬೇಕು.

"ಮುಗೀತು ಕಥೆ" ಎಂದ ಹಿಂದೆ ಕೂತಿದ್ದ ವಾಸಿಂ, ಕ್ಯಾಮರಾ ಚೀಲವನ್ನು ಎದೆಗವಚಿಕೊಂಡೇ.

ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬೈರಮ್ಮ ಹೊರಗೆ ಬಂದಳು. ಮನೋಹರನ ತಾಯಿಯ ಅಕ್ಕ ಆಕೆ, ಅವನಿಗೆ ದೊಡ್ಡವ್ವ. ಅವನು ಕೈಲಾಂಚದ ಹೈಸ್ಕೂಲಿಗೆ ಹೋಗುತ್ತಿದ್ದಷ್ಟು ಕಾಲವೂ ಈ ಮನೆಯಲ್ಲೇ ಇಟ್ಟುಕೊಂಡು ಅನ್ನ ಹಾಕಿದವಳು. ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆ, ಒಂದಿಷ್ಟು ಹಿಪ್ಪುನೇರಳೆ, ಈ ಮನೆ, ಇಷ್ಟರಲ್ಲೇ ಯಾರ ಹಂಗಿಗೂ ಬೀಳದೆ ಬದುಕುತ್ತಿದ್ದಳು.

"ಸಿನಿಮಾ ಅಂದ್ಯಲ್ಲ ಮಗ. ನಾಲ್ಕ್ ಜನ ನೋಡೋದು, ಹಂಗೇ ಬುಟ್ರೆ ಚೆಂದಾಗಿರ್ತದಾ? ನಾನೇ ಏಣಿ ಹತ್ತಿ ಬಳ್ದೆ" ಎಂದು ಗೋಡೆಯನ್ನೊಮ್ಮೆ ನೋಡಿ ನಕ್ಕಳು. ಮಂಡಿ ಹಿಡಿದುಕೊಂಡಿದೆ ಎಂದೂ, ಹಿಡಿದುಕೊಂಡರೆ ಹಿಡಿದುಕೊಳ್ಳಲಿ ಎಂದೂ ಹೇಳಿ, ಕಾಫಿಗೆ ನೀರಿಡಲು ಒಳಗೆ ಹೋದಳು.

ಮನೋಹರ ಆಗ ಹೆಲ್ಮೆಟ್ ತೆಗೆದು ಬೈಕಿನ ಕನ್ನಡಿಗೆ ಸಿಕ್ಕಿಸಿದ. ಅವನೂ ವಾಸಿಮನೂ ರಾಮನಗರದ ಸ್ಟುಡಿಯೊ ಒಂದರಲ್ಲಿ ಮದುವೆ ವಿಡಿಯೊ ಮಾಡುವವರು. ಎಷ್ಟು ವರ್ಷ ಅಂತ ಕಂಡವರ ಧಾರೆ, ಕಂಡವರ ಆರತಕ್ಷತೆ ತೆಗೆಯುವುದು? ಜನ್ಮಕ್ಕೊಂದಾದರೂ ತಮ್ಮದೇ ಕಿರುಚಿತ್ರ ಇರಲಿ ಅಂತ ಹೊರಟಿದ್ದರು. ಸ್ಪರ್ಧೆಯ ಕೊನೆಯ ದಿನ ಹತ್ತಿರ ಬಂದಿತ್ತು. ಮಿಕ್ಕೆಲ್ಲವನ್ನೂ ತೆಗೆದಾಗಿತ್ತು, ಉಳಿದಿದ್ದು ಮೊದಲ ಶಾಟ್ ಒಂದೇ. ಎಸ್ಟಾಬ್ಲಿಷಿಂಗ್ ಶಾಟ್ ಅಂದರೆ ಏನು ಸಾಮಾನ್ಯವೇ? ಒಬ್ಬರೂ ಬಾಯಿ ಬಿಡುವ ಮೊದಲೇ ಇದು ಯಾವ ಊರು, ಎಂಥ ಮನೆ, ಎಂಥ ಬಾಳು ಎನ್ನುವುದನ್ನು ಅದೇ ಹೇಳಿಬಿಡಬೇಕು. ಕ್ಯಾಮರಾ ಹಿಪ್ಪುನೇರಳೆ ಗಿಡಗಳ ನಡುವಿನಿಂದ ಎದ್ದು, ಅಂಗಳ ದಾಟಿ, ನಿಧಾನವಾಗಿ ಆ ಮುರುಕು ಗೋಡೆಯ ಹತ್ತಿರ ಹೋಗಿ ನಿಲ್ಲಬೇಕು. ನೋಡಿದವರ ಕರುಳು ಅಲ್ಲೇ ಚುರುಕ್ಕೆನ್ನಬೇಕು. ಚಿತ್ರದ ಹೆಸರೇ 'ಪಾಳು'.

ಇದ್ಯಾವುದನ್ನೂ ಅವನು ದೊಡ್ಡವ್ವನಿಗೆ ಹೇಳಿರಲಿಲ್ಲ. ನಿನ್ನ ಮನೆ ತೆಗೀತೀನಿ ಅಂತಷ್ಟೇ ಹೇಳಿದ್ದ. ಇನ್ನು ಹೇಗೆ ಹೇಳುವುದು? ಊರೆಲ್ಲ ಸುತ್ತಿ ನೋಡಿದೆ, ನಿನ್ನ ಮನೆಯಷ್ಟು ಹಾಳು ಬಿದ್ದಿರುವುದು ಇನ್ನೊಂದು ಕಾಣಲಿಲ್ಲ ಅಂತಲೇ? ಹೇಳುವ ಬಾಯಿ ಬೇರೆಯೇ ಇರಬೇಕು.

ಇದ್ದುದನ್ನು ಇದ್ದ ಹಾಗೆ ಹೇಳಿಬಿಡು, ಬೇರೆ ಮನೆ ಹುಡುಕೋಣ ಎಂದು ವಾಸಿಂ ಮೆಲ್ಲಗೆ ಹೇಳಿದ. ಬೆಳಗಿನ ಬಿಸಿಲು ಆಗಲೇ ಊರ ಹಿಂದಿನ ಬಂಡೆಯ ನೆತ್ತಿಯಿಂದ ಇಳಿಯುತ್ತಿತ್ತು. ಹೊತ್ತೇರಿದರೆ ಆ ಬೆಳಕು ಸಿಗುವುದಿಲ್ಲ, ಸಂಜೆಗೆ ಕನಕಪುರದ ಮದುವೆಗೆ ಇದೇ ಕ್ಯಾಮರಾ ಹೋಗಬೇಕು. ಮನೋಹರ ಒಳಗೆ ಹೋದ.

"ದೊಡ್ಡವ್ವ, ಸುಣ್ಣ ಬಿಸ್ಲಿಗೆ ಹೊಳೀತದೆ. ಕ್ಯಾಮ್ರಾದಲ್ಲಿ ಬರೀ ಬೆಳ್ಳಗ್ ಕಾಣ್ತದೆ, ಮನೇನೇ ಕಾಣಲ್ಲ."

ಅರ್ಧ ನಿಜ ಸೇರಿಸಿದ ಸುಳ್ಳು ಸಲೀಸಾಗಿ ಜಾರುತ್ತದೆ. ಬೈರಮ್ಮನ ಮುಖ ಸಣ್ಣದಾಯಿತು. ತಿಳಿಯದೆ ಮಕ್ಕಳ ಕೆಲಸ ಕೆಡಿಸಿಬಿಟ್ಟೆನಲ್ಲ ಎಂದು ತಾನೇ ಪೇಚಾಡಿಕೊಂಡಳು. ಒಲೆ ಆರಿಸಿ ಹಿತ್ತಲಿಗೆ ಹೋಗಿ, ಕೆಮ್ಮಣ್ಣಿಗೆ ಸಗಣಿ ಕಲೆಸಿ ಬಕೀಟಿನಲ್ಲಿ ತಂದಳು. ಮನೋಹರ ಬಕೀಟಿಗೆ ಕೈ ಹಾಕಿದರೆ, ಅಂಗಿ ಕೆಡುತ್ತದೆಂದು ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಬಳಿಯಲು ನಿಂತಳು.

ಕೈಯೋ, ಜನ್ಮವೆಲ್ಲ ಗೋಡೆ ಸಾರಿಸಿದ ಕೈ. ಒಂದು ಗೆರೆ ಏರದಂತೆ, ಒಂದು ಇಳಿಯದಂತೆ ಒಪ್ಪವಾಗಿ ಬಳಿಯುತ್ತ ಹೋದಳು. ಇದನ್ನೂ ಕೆಡಿಸು ಅಂತ ಹೇಳಬೇಕಾದ ಕರ್ಮ ಮನೋಹರನ ಪಾಲಿಗೆ ಬಂತು.

"ಹಂಗಲ್ಲ ದೊಡ್ಡವ್ವ. ಅಲ್ಲಲ್ಲಿ... ಒಸಿ ಗಲೀಜಾಗಿ."

ಅವಳ ಕೈ ಗೋಡೆಯ ಮೇಲೇ ನಿಂತಿತು. "ಗಲೀಜಾಗಾ?" ಎಂದು ತಿರುಗಿ ಅವನ ಮುಖ ನೋಡಿದಳು. ಅವನು ಕ್ಯಾಮರಾದ ಕಡೆ ನೋಡಿದ. ಯಾಕೆ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ವಾಸಿಯಿತ್ತು. ಬೊಗಸೆಯಲ್ಲಿ ಮಣ್ಣು ಮೊಗೆದು ಗೋಡೆಗೆ ಎರಚಿದಳು, ಇನ್ನೊಮ್ಮೆ ಎರಚಿದಳು. ಮಾವಿನ ಸೊಪ್ಪನ್ನು ತಾನೇ ಕಿತ್ತಳು. ಕೊನೆಗೆ ರಂಗೋಲಿಯ ಮೇಲೆ ಬರಿಗಾಲಿನಲ್ಲಿ ನಿಂತು, ಹಿಮ್ಮಡಿಯಲ್ಲಿ ಉಜ್ಜಿ ಉಜ್ಜಿ ಅಳಿಸಿದಳು. ಮನೋಹರನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಆದರೂ ಸಾಕು ಅಂತ ಅವನ ಬಾಯಿಂದ ಬರಲಿಲ್ಲ.

"ಪಾಳು, ಮೊದಲನೇ ಶಾಟ್" ಎಂದು ಕೂಗಿದ ವಾಸಿಂ ಅಭ್ಯಾಸಬಲದಿಂದ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ದೀಪ ಹಚ್ಚುವ ಮನೆಯ ಮುಂದೆ ಆ ಮಾತು ಆಡುವುದೇ? ಬೈರಮ್ಮ ಅಂಗಳದಂಚಿನಲ್ಲಿ ಎಮ್ಮೆ ಕಟ್ಟಿದ್ದ ಹೊಂಗೆ ಮರದ ಬುಡದಲ್ಲಿ ನಿಂತಿದ್ದಳು, ಕೇಳಿಸಿಕೊಂಡಳೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಕ್ಯಾಮರಾ ಸೊಪ್ಪಿನ ನಡುವಿನಿಂದ ಎದ್ದು, ನೀರಿನ ಮೇಲೆ ಹೋದಂತೆ ತೇಲುತ್ತ ಅಂಗಳ ದಾಟಿ, ಗೋಡೆಯ ಮುಂದೆ ನಿಂತಿತು. ಒಂದೇ ಸಲಕ್ಕೆ ಬಂತು, ತಿದ್ದುವಂಥದ್ದು ಏನೂ ಇರಲಿಲ್ಲ.

ನಂಗೂ ತೋರಿಸಿ ಎಂದಳು ಬೈರಮ್ಮ. ವಾಸಿಂ ಬೇರೆ ದಾರಿ ಕಾಣದೆ ತೋರಿಸಿದ. ಬಿಸಿಲಿಗೆ ಕೈ ಅಡ್ಡ ಹಿಡಿದು, ಆ ಚಿಕ್ಕ ಪರದೆಯಲ್ಲಿ ತನ್ನ ಮನೆ ಹತ್ತಿರ ಹತ್ತಿರ ಬರುವುದನ್ನು ಅವಳು ಕೊನೆಯವರೆಗೂ ನೋಡಿದಳು.

"ಯಾರೂ ಇಲ್ದಿರೋ ಮನೆ ಥರ ಕಾಣ್ತದೆ" ಎಂದಳು. ಅಡ್ಡ ಹಿಡಿದ ಕೈ ಇಳಿಸಿ, "ನಾನ್ ಇದೀನಲ್ಲ ಮಗ ಇಲ್ಲಿ" ಎಂದಳು.

ಮನೋಹರ ಏನೋ ಹೇಳಲು ಹೋದ. ಕಥೆ, ಪಾತ್ರ ಅಂತೆಲ್ಲ ತಡವರಿಸಿದ. ಅವಳು ಪೂರ್ತಿ ಕೇಳಲಿಲ್ಲ. ಬಿಸಿಲಲ್ಲಿ ನಿಂತಿದ್ದೀರಿ, ಬನ್ನಿ, ಉಂಡು ಹೋಗಿ ಎಂದು ಕೈ ತೊಳೆಯಲು ನಡೆದಳು.

ಜಗುಲಿಯ ಮೇಲೆ ತಟ್ಟೆ ಇಟ್ಟಳು. ತಾನು ಕೊಯ್ದದ್ದು ವಾಸಿಮನಿಗೆ ಆಗುತ್ತದೋ ಇಲ್ಲವೋ ಎಂದು ಕೋಳಿ ಕೊಯ್ಯುವುದನ್ನು ಬಿಟ್ಟು ಅವರೆಕಾಳಿನ ಸಾರು ಮಾಡಿದ್ದಳು. ಬಿಸಿ ಮುದ್ದೆ, ಮೇಲೊಂದಿಷ್ಟು ತುಪ್ಪ. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು. ಮನೋಹರನಿಗೆ ಆವತ್ತು ನುಂಗಲು ಆಗಲಿಲ್ಲ. ಅಷ್ಟರಲ್ಲಿ ಏಣಿ ಕೊಟ್ಟಿದ್ದ ಪಕ್ಕದ ಮನೆಯ ಬೋರಲಿಂಗಯ್ಯ ಅದನ್ನು ಒಯ್ಯಲು ಬಂದ. ಬಂದವನು ಗೋಡೆ ನೋಡಿ ಬೆಪ್ಪಾದ.

"ಇದೇನ್ ಬೈರಕ್ಕ? ನೆನ್ನೆ ಹಾಲಿನಂಗಿತ್ತಲ್ಲ ಗ್ವಾಡೆ?"

ವಾಸಿಂ ಮನೋಹರನನ್ನು ನೋಡಿದ. ಬೈರಮ್ಮ ಸಾರಿನ ಪಾತ್ರೆಯಿಂದ ತಲೆ ಎತ್ತಲಿಲ್ಲ.

"ಎಮ್ಮೆ ಕಣ್ ಬೋರಣ್ಣ. ಹಗ್ಗ ಕಿತ್ಕಂಡ್ ಬಂದು ಮೈ ಉಜ್ಜಿಬುಡ್ತು."

ಎಮ್ಮೆ ಹೊಂಗೆ ಮರದ ಕೆಳಗೆ ಕಟ್ಟಿದ ಕಡೆಯೇ ನಿಂತಿತ್ತು. ಅದರ ಹಗ್ಗ ನೆಟ್ಟಗಿತ್ತು, ಕರಿಯ ಮೈಯಲ್ಲಿ ಸುಣ್ಣದ ಒಂದು ಗುರುತೂ ಇರಲಿಲ್ಲ. ಬೋರಲಿಂಗಯ್ಯ ಅದನ್ನೆಲ್ಲ ನೋಡುವ ಗೋಜಿಗೆ ಹೋಗಲಿಲ್ಲ. ಬೈರಮ್ಮ ಸುಳ್ಳು ಹೇಳುವ ಹೆಂಗಸಲ್ಲ ಎನ್ನುವುದು ಊರಿಗೇ ಗೊತ್ತು. ಅಲ್ಲ, ನಾನು, ಎನ್ನಲು ಮನೋಹರ ಬಾಯಿ ತೆರೆದ. ಬಾಯಲ್ಲಿ ಅವಳ ಮನೆಯ ತುತ್ತಿತ್ತು.

ಬೋರಲಿಂಗಯ್ಯ ಮರದ ಹತ್ತಿರ ಹೋಗಿ, "ಉಂಡ ಮನೆಗೇ ಎಲ್ಡ್ ಬಗೀತೀಯೇನೇ?" ಎನ್ನುತ್ತ ಎಮ್ಮೆಯ ಬೆನ್ನಿಗೆ ಬಲವಾಗಿ ಒಂದು ಏಟು ಕೊಟ್ಟ. ಎಮ್ಮೆ ಒಂದು ಹೆಜ್ಜೆ ಸರಿದು ಕಿವಿ ಒದರಿತು. ಬೈರಮ್ಮ ಮನೋಹರನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.