ಕಂಡದ್ದನ್ನೇ ಬರೆ

"ಇಪ್ಪತ್ನಾಲ್ಕು ಪಾಯಿಂಟ್ ಐದು. ಬರ್ಕೋ," ಎಂದರು ಮುಸೆಂಬಿ ಮೇಷ್ಟ್ರು, ಬ್ಯೂರೆಟ್ಟಿನ ಗಾಜಿನ ಕೊಳವೆಯ ನಲ್ಲಿ ತಿರುಗಿಸಿ ನಿಲ್ಲಿಸುತ್ತ.

ವಾಯುವಾ ಬರೆದುಕೊಳ್ಳಲಿಲ್ಲ. ಪ್ರಯೋಗಶಾಲೆಯ ಸಹಾಯಕಿ ಅವಳು. ಹನ್ನೊಂದು ವರ್ಷದಿಂದ ಮೇಷ್ಟ್ರು ಹೇಳಿದ್ದನ್ನು ಹೇಳಿದ ಹಾಗೆ ಬರೆದವಳು, ಅದಕ್ಕೂ ಮುಂಚೆ ನಾಲ್ಕು ವರ್ಷ ಇದೇ ಬೆಂಚಿನ ಮೇಲೆ ಅವರ ಕೈಕೆಳಗೆ ಕಲಿತವಳು. ಈಗ ಪೆನ್ಸಿಲ್ ಹಿಡಿದು ಫ್ಲಾಸ್ಕನ್ನೇ ನೋಡುತ್ತಿದ್ದಳು. ಅದರೊಳಗಿನ ದ್ರಾವಣ ಕಾಗದದ ಹೂವಿನಂತೆ ಕಡುಗುಲಾಬಿಯಾಗಿತ್ತು. ನಿಲ್ಲಿಸಬೇಕಾದದ್ದು ಬಣ್ಣ ಬಂತೋ ಇಲ್ಲವೋ ಅನ್ನುವಂಥ ಹನಿಗೆ. ಆ ಹನಿ ಬಿದ್ದು ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು, ಮೇಷ್ಟ್ರು ಕಂಡಿರಲಿಲ್ಲ.

ಹೊರಗೆ ಮಾವಿನ ಮರದ ಕೆಳಗೆ ಮೂವತ್ತೊಂದು ಮಕ್ಕಳ ಗಲಾಟೆ. ಅಂತಿಮ ಪರೀಕ್ಷೆಯ ಪ್ರಯೋಗ ಆಗಷ್ಟೇ ಮುಗಿದಿತ್ತು. ಮಕ್ಕಳು ಬಳಸಿದ ದ್ರಾವಣದಲ್ಲೇ ಮೇಷ್ಟ್ರೂ ಪ್ರಯೋಗ ಮಾಡಿ ತಮ್ಮ ಅಂಕಿಯನ್ನು ಬರೆದು ಲಕೋಟೆಯಲ್ಲಿ ಇಡಬೇಕು. ದೂರದ ನೈರೋಬಿಯಲ್ಲಿ ಕೂತು ತಿದ್ದುವವರಿಗೆ ಅದೇ ತಕ್ಕಡಿ. ಮಗುವಿನ ಅಂಕಿ ಮೇಷ್ಟ್ರ ಅಂಕಿಗೆ ಹತ್ತಿರವಿದ್ದರೆ ಪೂರ್ತಿ ಅಂಕ, ದೂರವಿದ್ದರೆ ಸೊನ್ನೆ. ಎರಡು ಗಂಟೆಗೆ ಮೇಲ್ವಿಚಾರಕರು ಲಕೋಟೆಗೆ ಅರಗು ಹಾಕುತ್ತಾರೆ. ಆಮೇಲೆ ಯಾರು ತಲೆ ಚಚ್ಚಿಕೊಂಡರೂ ಅಷ್ಟೆ.

ಆಗಸ್ಟಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲೂ ಹೀಗೇ ಆಗಿತ್ತು. ಮಕ್ಕಳೆಲ್ಲ ಒಂದು ಕಡೆ, ಮೇಷ್ಟ್ರೊಬ್ಬರೇ ಇನ್ನೊಂದು ಕಡೆ. "ನಿಮ್ಮದೇನು ಕಣ್ಣೋ, ಆಡಿನ ಕಣ್ಣೋ?" ಎಂದು ಇಡೀ ತರಗತಿಗೆ ಬೈದಿದ್ದರು. ಆಗ ಕನಿನಿ ಎದ್ದು ನಿಂತಿದ್ದಳು. ನರ್ಸಿಂಗ್ ಓದಬೇಕೆಂದು ಹಟ ಹಿಡಿದ, ಸುಳ್ಳು ಹೇಳಲು ಬಾರದ ಹುಡುಗಿ. "ಮೇಷ್ಟ್ರೇ, ನಿಮಗೆ ಎಷ್ಟು ಬಂತು ಅಂತ ಮೊದಲೇ ಹೇಳ್ಬಿಡಿ. ನಾವೂ ಅದನ್ನೇ ಬರೀತೀವಿ," ಎಂದಿದ್ದಳು. ಕೊಂಕಿರಲಿಲ್ಲ ಆ ಮಾತಿನಲ್ಲಿ, ಸೋತ ದನಿಯಿತ್ತು. ಅವತ್ತು ಮೇಷ್ಟ್ರು ಊಟದ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

"ಯಾಕೇ, ಪೆನ್ಸಿಲ್ ಮೊನೆ ಮುರೀತಾ?"

"ಇಲ್ಲ ಮೇಷ್ಟ್ರೇ."

"ಮತ್ತೆ ಬರಿ! ಹೊಟ್ಟೆ ಚುರುಗುಡ್ತಿದೆ."

ಬೆಳಗಿನಿಂದ ಅವಳು ಯೋಚಿಸಿದ್ದು ಒಂದೇ. ಸರಿಯಾದ ಅಂಕಿಯನ್ನು ತಾನೇ ಸಣ್ಣಗೆ ಬರೆದುಬಿಡುವುದು; ಮೇಷ್ಟ್ರು ಓದದೆ ಸಹಿ ಹಾಕುತ್ತಾರೆ. ಆದರೆ ಕೈ ಏಳಲಿಲ್ಲ. ಹದಿನಾರರ ವಯಸ್ಸಿನಲ್ಲಿ ಪಕ್ಕದವಳ ಅಂಕಿ ಕದ್ದು ಬರೆದಾಗ ತನ್ನ ಹಾಳೆ ಹರಿದವರು ಇವರೇ. "ಕಂಡದ್ದನ್ನು ಬರಿ. ತಪ್ಪಾದ್ರೂ ನಿಂದೇ ತಪ್ಪು ಇರ್ಲಿ," ಎಂದಿದ್ದರು.

"ಇನ್ನೊಂದ್ಸಲ ಮಾಡೋಣ. ನಲ್ಲಿ ನೀವೇ ತಿರುಗ್ಸಿ. ನಾನೂ ನೋಡ್ತಿರ್ತೀನಿ."

"ಅಬ್ಬಾ, ನನಗೇ ಪಾಠ!" ಎಂದು ಗೊಣಗಿದರೂ ಅವರು ಫ್ಲಾಸ್ಕ್ ತೊಳೆದು ಹೊಸದಾಗಿ ದ್ರಾವಣ ತುಂಬಿದರು. ಹನಿ ಹನಿಯಾಗಿ ಬಿಟ್ಟರು. ಕೈಯಲ್ಲಿ ಒಂದಿಷ್ಟೂ ನಡುಕವಿಲ್ಲ. ಮೂವತ್ತು ವರ್ಷದ ಕೈ ಅದು.

"ನಿಲ್ಸಿ," ಎಂದಳು ವಾಯುವಾ.

"ಯಾಕೆ?"

"ಬಂತು."

ಅವರು ಫ್ಲಾಸ್ಕನ್ನು ಬಿಳಿ ಟೈಲಿನ ಮೇಲಿಟ್ಟು ಬಗ್ಗಿದರು. ಎತ್ತಿ ಕಿಟಕಿಗೆ ಹಿಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿದರು.

"ಇದು ನೀರು ಕಣೇ."

"ಗುಲಾಬಿ, ಮೇಷ್ಟ್ರೇ."

ಕಿಟಕಿಯಾಚೆ ಮಕ್ಕಳ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. "ನಿಂಗೆಷ್ಟೋ?" "ಇಪ್ಪತ್ನಾಲ್ಕು ಒಂದು." "ನಂಗೂ ಅಷ್ಟೇ!" ಆಮೇಲೆ ಕನಿನಿಯ ದನಿ: "ನಮಗೆ ಬಂದ್ರೇನು? ಮೇಷ್ಟ್ರಿಗೆ ಎಷ್ಟು ಬಂತೋ, ದೇವರೇ ಬಲ್ಲ."

ಮೇಷ್ಟ್ರು ಬ್ಯೂರೆಟ್ಟಿನ ಗೆರೆಗಳ ಹತ್ತಿರಕ್ಕೆ ಮುಖ ತಂದು ಓದಿದರು. ಇಪ್ಪತ್ತನಾಲ್ಕು ಪಾಯಿಂಟ್ ಒಂದು. ಸ್ಟೂಲ್ ಎಳೆದು ಕೂತರು.

"ಆಗಸ್ಟಲ್ಲೂ?"

ವಾಯುವಾ ತಲೆ ತಗ್ಗಿಸಿದಳು.

"ಬಾಯಿ ಬಿಟ್ಟು ಹೇಳೇ."

"ಆಗ್ಲೂ ಮಕ್ಕಳದ್ದೇ ಸರಿ ಇತ್ತು. ನಿಮ್ಮ ಕಣ್ಣಿಗೆ ಪೊರೆ ಬಂದಿರ್ಬೇಕು ಮೇಷ್ಟ್ರೇ. ಹೇಳೋಕೆ ಬಾಯಿ ಬರ್ಲಿಲ್ಲ."

"ಆಡಿನ ಕಣ್ಣು ಅಂದ್ಬಿಟ್ಟೆ," ಎಂದರು ಅವರು, ತಮಗೆ ತಾವೇ ಹೇಳಿಕೊಳ್ಳುವಂತೆ.

ವಾಯುವಾ ಪೆನ್ಸಿಲ್ ಕೆಳಗಿಟ್ಟಳು. ಲಕೋಟೆಗೆ ಹಾಕಬೇಕಾದ ನಮೂನೆಯನ್ನು ಮುಂದೆ ತಳ್ಳಿದಳು. "ಇಪ್ಪತ್ನಾಲ್ಕು ಒಂದು ಅಂತ ಬರ್ದು ಸಹಿ ಹಾಕ್ಬಿಡಿ. ಯಾರಿಗೂ ಗೊತ್ತಾಗಲ್ಲ."

"ನಾನು ಕಂಡಿಲ್ವಲ್ಲೇ."

ಅವರು ಎದ್ದು ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಸರಿದರು. "ನೀನು ಮಾಡು. ಮೂರು ಸಲ."

ಅವಳು ಮಾಡಿದಳು. ಇಪ್ಪತ್ತನಾಲ್ಕು ಪಾಯಿಂಟ್ ಒಂದು, ಮತ್ತೆ ಒಂದು, ಆಮೇಲೆ ಎರಡು. ಮೂರರಲ್ಲಿ ಎರಡು ಸಲ ಮಕ್ಕಳದ್ದೇ ಅಂಕಿ. ಮೇಷ್ಟ್ರು ಹಾಳೆಗೆ ಮೂಗು ತಾಗುವಷ್ಟು ಬಗ್ಗಿ, 'ಪ್ರಯೋಗ ಮಾಡಿದವರು' ಎಂಬಲ್ಲಿ ಮೊದಲೇ ಬರೆದಿದ್ದ ತಮ್ಮ ಹೆಸರಿಗೆ ಅಡ್ಡಗೆರೆ ಎಳೆದರು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ವಾಯುವಾ ಕಿಲೊಂಜೊ ಎಂದು ಬರೆದರು. ಎರಡಕ್ಕೆ ಐದು ನಿಮಿಷವಿರುವಾಗ ಮೇಲ್ವಿಚಾರಕರು ಬಂದು, ಹೆಸರನ್ನು ಓದಿ, ಅವಳ ಮುಖವನ್ನೊಮ್ಮೆ ನೋಡಿ, ಲಕೋಟೆಗೆ ಅರಗು ಹಾಕಿಕೊಂಡು ಹೋದರು.

ಕೊನೆಯ ಫ್ಲಾಸ್ಕ್ ಇನ್ನೂ ಬ್ಯೂರೆಟ್ಟಿನ ಕೆಳಗೇ ಇತ್ತು. ಮೇಷ್ಟ್ರು ನಲ್ಲಿಯನ್ನು ಮೆಲ್ಲಗೆ ತಿರುಗಿಸಿದರು. ಒಂದು ಹನಿ ವ್ಯರ್ಥ ಮಾಡಿದರೂ ಮೈಮೇಲೆ ಬೀಳುತ್ತಿದ್ದ ಮನುಷ್ಯ! ವಾಯುವಾ ತಡೆಯಲಿಲ್ಲ. ನಾಲ್ಕು ಹನಿ, ಆರು, ಎಂಟು.

"ಹ್ಞಾ," ಎಂದರು. "ಈಗ ಕಾಣ್ತು."

ಆ ಫ್ಲಾಸ್ಕನ್ನು ಹಿಡಿದುಕೊಂಡೇ ಬಾಗಿಲಿಗೆ ನಡೆದರು. "ಕನಿನೀ, ಎಲ್ಲರನ್ನೂ ಕರ್ಕೊಂಡು ಇಲ್ಲಿ ಬಾರೇ. ನಿಮ್ಮ ಹತ್ರ ಒಂದು ಮಾತು ಹೇಳೋದಿದೆ." ಮಕ್ಕಳು ಬರುವವರೆಗೆ ಕಾಯದೆ ತಾವೇ ಹೊಸ್ತಿಲು ದಾಟಿದರು.

"ಎರಡು ಮೆಟ್ಟಿಲಿದೆ, ಮೇಷ್ಟ್ರೇ," ಎಂದಳು ವಾಯುವಾ.

"ಗೊತ್ತು ಕಣೇ, ಮೂವತ್ತು ವರ್ಷ ಇಳಿದಿದ್ದೀನಿ," ಎಂದರು ಮುಸೆಂಬಿ. ಆದರೂ ಖಾಲಿ ಇದ್ದ ಕೈಯನ್ನು ಅವಳ ಕಡೆ ಚಾಚಿದರು.