ಕಚ್ಚುವುದಕ್ಕೆ ಮುಂಚೆ

"ಶುಕ್ರವಾರದವರೆಗೆ ನೋಡ್ತೀವಿ. ಆಗ್ಲೂ ಕಚ್ಚೋದು ನಿಲ್ಲಿಸ್ದೆ ಇದ್ರೆ ಮಗೂನ ಕಳಿಸ್ಬೇಡಿ," ಎಂದರು ಶಿಶುವಿಹಾರದ ಹೆಡ್ ಮಿಸ್.

ನನ್ನ ಮಗಳು ಗುಬ್ಬಿಗೆ ಮೂರೂವರೆ ವರ್ಷ. ಮನೆಯಲ್ಲಿ ಇರುವೆಗೂ ದಾರಿ ಬಿಡುವ ಮಗು, ಅಲ್ಲಿ ಎರಡು ವಾರದಲ್ಲಿ ಐದು ಮಂದಿಗೆ ಹಲ್ಲೂರಿದ್ದಳು. ಅವಳ ಮಿಸ್ ಕೆಲಸಕ್ಕೆ ಹೊಸಬರು, ಚಿಕ್ಕ ವಯಸ್ಸು. ಮುಂಗೈಯ ಗಾಯ ಮುಚ್ಚಿಕೊಳ್ಳುತ್ತಾ, "ಈ ಕೆಲಸ ನಂಗೆ ಒಗ್ಗಲ್ಲ ಅನ್ಸುತ್ತೆ ಅಕ್ಕಾ," ಎಂದರು.

"ಹೆತ್ತ ನಂಗೇ ಇವಳು ಅರ್ಥ ಆಗಿಲ್ಲ ಮಿಸ್. ನಾಳೆ ಒಂದ್ ಮೂಲೇಲಿ ಕೂತು ನೋಡ್ಲಾ?"

ಮರುದಿನ ಬಟ್ಟೆ ನೆನೆಹಾಕಿ ಓಡಿದೆ; ಹೆಡ್ ಮಿಸ್‌ಗೂ ಹಾಗೇ ಹೇಳಿ ಒಳಗೆ ಹೋದೆ. ಕಚ್ಚಿದ ಮೇಲೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಮುಂಚಿನದನ್ನು ಚೀಟಿಯಲ್ಲಿ ಬರೆಯುತ್ತಾ ಕೂತೆ. ಹಾಡಿನ ಹೊತ್ತು. ಮಿಸ್ ಡೋಲು ಬಾರಿಸಿದರು, ಇಪ್ಪತ್ತು ಮಕ್ಕಳು ಕುಣಿದವು. ಗುಬ್ಬಿ ಕಿವಿ ಮುಚ್ಚಿಕೊಂಡಳು, ಗೋಡೆಗೆ ಸರಿದಳು, ಆಮೇಲೆ ಪಕ್ಕದವಳ ಭುಜ ಕಚ್ಚಿದಳು. ಶಿಕ್ಷೆಯೆಂದು ಅವಳನ್ನು ಉಗ್ರಾಣದ ಕೋಣೆಗೆ ಕಳಿಸಿದರು.

ಹಿಂದೆಯೇ ಹೋಗಿ ಇಣುಕಿದೆ. ಆಯಮ್ಮನ ತೊಡೆಗೊರಗಿ, ಡಬ್ಬಿಗಳಿಗೆ ಮುಚ್ಚಳ ಹೊಂದಿಸುತ್ತಾ ಗುನುಗುತ್ತಿದ್ದಳು ನನ್ನ ಮಗಳು!

"ಎಂಥಾ ಶಿಕ್ಷೆ ನೋಡಮ್ಮ!" ಆಯಮ್ಮ ನಕ್ಕರು. "ಇವಳು ಬಂದ್ರೆ ನನ್ನ ಅರ್ಧ ಕೆಲಸ ಮುಗೀತು."

ನನ್ನ ಹಿಂದೆಯೇ ಬಂದಿದ್ದ ಮಿಸ್ ಹಣೆ ಚಚ್ಚಿಕೊಂಡರು. "ಅಯ್ಯೋ, ಕಚ್ಚಿದ್ದಕ್ಕೆ ನಾನು ಬಹುಮಾನ ಕೊಡ್ತಿದ್ನಾ!"

"ಅದನ್ನ ಕಿತ್ಕೋಬೇಡಿ ಮಿಸ್. ಕಚ್ಚದೇನೇ ಸಿಗೋ ಹಾಗೆ ಮಾಡೋಣ."

ಅಂದಿನಿಂದ ಡೋಲಿಗೆ ಮುಂಚೆ ಮಿಸ್ ಮಂಡಿಯೂರಿ ಕೂತು ಹೇಳಿಕೊಟ್ಟರು: "ಸದ್ದು ಜಾಸ್ತಿ ಆಯ್ತಾ? ನನ್ನ ಕೈ ಮುಟ್ಟು. ಆಯಮ್ಮನ ಹತ್ರ ಹೋಗು." ಮನೆಯಲ್ಲಿ ಬಟ್ಟೆ ಮಡಚುತ್ತಾ ನಾನೂ ಅದನ್ನೇ ಆಟವಾಡಿಸಿದೆ. ಆದರೂ ಬುಧವಾರ ಒಮ್ಮೆ ಕಚ್ಚಿದಳು. ಆ ರಾತ್ರಿ ಮಲಗುವ ಮುಂಚೆ ಅದೇ ಆಟವನ್ನು ಮತ್ತೆ ಮತ್ತೆ ಆಡಿಸಿದೆ.

ಶುಕ್ರವಾರ ನಾನು ಅದೇ ಮೂಲೆಯಲ್ಲಿ ಕೂತಿದ್ದೆ, ಹೆಡ್ ಮಿಸ್ ಬಾಗಿಲಲ್ಲೇ ನಿಂತರು. ಡೋಲು ಶುರುವಾಯಿತು. ಗುಬ್ಬಿ ಕಿವಿ ಮುಚ್ಚಿಕೊಂಡು ನೇರ ಮಿಸ್ ಬಳಿ ನಡೆದಳು. ಮಿಸ್ ಕೈ ತಾನಾಗಿ ಹಿಂದೆ ಸರಿಯಿತು. ಉಸಿರೆಳೆದುಕೊಂಡು ಮತ್ತೆ ಮುಂದೆ ಚಾಚಿದರು. ಗುಬ್ಬಿ ಒಂದೇ ಬೆರಳಲ್ಲಿ ಮುಟ್ಟಿ, "ಸದ್ದು," ಎಂದಳು.

"ಓಡು ನನ್ ಚಿನ್ನ!" ಮಿಸ್ ಕಣ್ಣು ಒದ್ದೆಯಾಗಿತ್ತು.

ಹೆಡ್ ಮಿಸ್ ನನ್ನತ್ತ ತಿರುಗಿದರು. "ಸೋಮವಾರ ಕಳಿಸಿ. ಮಗೂನ ಮಾತ್ರ. ನೀವಿನ್ನು ಮನೇಲಿ ಬಟ್ಟೆ ಒಗೀಬಹುದು."